ಯಂತ್ರ ಕಲಿತ ಕನ್ನಡ ಯಾರದ್ದು?

ಕಂಪ್ಯೂಟರಿಗೆ ಕನ್ನಡ ಬರುತ್ತದೆಯೇ ಎಂದು ಈಗ ಯಾರೂ ಕೇಳುವುದಿಲ್ಲ. ಬರುತ್ತದೆ. ಎಷ್ಟು ಬರುತ್ತದೆ, ಅದಕ್ಕೆ ತಗಲುವ ಖರ್ಚೆಷ್ಟು, ಅದು ಯಾರ ಕನ್ನಡವನ್ನು ಕಲಿತಿದೆ ಎಂಬುದನ್ನು ಗಡಿನಾಡಿನ ನಾವು ಕೇಳಬೇಕಾಗಿದೆ.

ಕೇರಳದ ಏಳನೇ ತರಗತಿಯ ಐಸಿಟಿ ಪುಸ್ತಕಕ್ಕೆ 2024ರಲ್ಲಿ ಕೃತಕ ಬುದ್ಧಿಮತ್ತೆಯ ಪಾಠ ಸೇರಿತು. 2025ರಲ್ಲಿ ಹತ್ತನೇ ತರಗತಿಗೆ ರೋಬೋಟಿಕ್ಸ್ ಬಂತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಇವನ್ನು ಕನ್ನಡದಲ್ಲೇ ಓದುತ್ತಾರೆ. ಇದು ಸಣ್ಣ ಮಾತಲ್ಲ. ಆದರೆ ಪಾಠ ಮುಗಿಸಿದ ಮಗು ಮನೆಗೆ ಹೋಗಿ ಮೊಬೈಲಿನಲ್ಲಿ ಕನ್ನಡದಲ್ಲೇ ಒಂದು ಪ್ರಶ್ನೆ ಕೇಳಿದರೆ ಒಳಗೆ ಏನಾಗುತ್ತದೆ?

ಚಾಟ್ ಜಿಪಿಟಿಯಂಥ ತಂತ್ರಾಂಶಗಳು ನಮ್ಮ ಹಾಗೆ ಅಕ್ಷರ ಕೂಡಿಸಿ ಓದುವುದಿಲ್ಲ. ವಾಕ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಕತ್ತರಿಸಿಕೊಳ್ಳುತ್ತವೆ. ಬಳಕೆಯ ಇಂಗ್ಲಿಷ್ ಪದ ಹೆಚ್ಚಾಗಿ ಒಂದೇ ತುಂಡು. ಕನ್ನಡ ಪದ ಹಲವು ಚೂರು. ಯುಟಿಎಫ್-8 ಲೆಕ್ಕದಲ್ಲಿ 'ಕನ್ನಡ' ಎಂಬ ಪದಕ್ಕೆ 15 ಬೈಟ್ ಬೇಕು, ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 7 ಸಾಕು. ಚೂರು ಹೆಚ್ಚಾದಷ್ಟು ಲೆಕ್ಕಾಚಾರ ಹೆಚ್ಚು. ಆ ಲೆಕ್ಕಾಚಾರ ನಡೆಯುವುದು ಎನ್ವಿಡಿಯಾದಂಥ ಕಂಪೆನಿ ವಿನ್ಯಾಸ ಮಾಡಿ ತೈವಾನಿನ ಟಿಎಸ್‌ಎಂಸಿ ತಯಾರಿಸಿಕೊಡುವ ದುಬಾರಿ ಚಿಪ್‌ಗಳ ಮೇಲೆ. ಈ ತಂತ್ರಾಂಶ ಬಳಸಿ ಶಾಲೆಗೊಂದು ಆ್ಯಪ್ ಮಾಡಹೊರಟವರಿಗೆ ಬಿಲ್ ಬರುವುದೂ ಟೋಕನ್ ಲೆಕ್ಕದಲ್ಲಿ!

2024ರ ಮೇ ತಿಂಗಳಲ್ಲಿ ಓಪನ್ ಎಐ ಸಂಸ್ಥೆ ಜಿಪಿಟಿ-4ಒ ಬಿಡುಗಡೆ ಮಾಡುವಾಗ ಟೋಕನ್ ಎಷ್ಟು ಇಳಿಯಿತು ಎಂದು ತೋರಿಸಲು 20 ಭಾಷೆಗಳ ಪಟ್ಟಿ ಕೊಟ್ಟಿತು. ತೆಲುಗಿಗೆ 3.5 ಪಟ್ಟು, ತಮಿಳಿಗೆ 3.3, ಮರಾಠಿಗೆ 2.9 ಪಟ್ಟು ಇಳಿಕೆ. ನಮ್ಮ ಸುತ್ತಿನ ಈ ಭಾಷೆಗಳು ಇವೆ, ಕನ್ನಡವೂ ಮಲಯಾಳವೂ ಇಲ್ಲ. ಪಟ್ಟಿಯಲ್ಲಿಲ್ಲ ಎಂದರೆ ಅದಕ್ಕೆ ಕನ್ನಡ ಬರದು ಎಂದಲ್ಲ. ಆದರೂ ಮಾದರಿಗೆಂದು ಹೆಸರಿಸುವಾಗ ನೆನಪಾಗಲಿಲ್ಲ ನೋಡಿ.

ಇದಕ್ಕೆ ಅಮೆರಿಕದವರನ್ನು ಬೈದು ಸುಮ್ಮನಾಗುವುದು ಸುಲಭ. ಯಂತ್ರ ಕಲಿಯುವುದು ತನಗೆ ಸಿಕ್ಕ ಬರಹದಿಂದ, ಬಹುಪಾಲು ಅಂತರ್ಜಾಲದಿಂದ. ನಾವು ಅಲ್ಲಿ ಏನಿಟ್ಟಿದ್ದೇವೆ? ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳು 30 ಸಾವಿರದ ಆಸುಪಾಸು. ಮಲಯಾಳದಲ್ಲಿ 80 ಸಾವಿರಕ್ಕೂ ಹೆಚ್ಚು, ತಮಿಳಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ಹಾಗಿದ್ದೂ ಬರಹ, ನುಡಿಗಳ ಹಳೆಯ ಫಾಂಟಿನಲ್ಲಿ ವರ್ಷಗಟ್ಟಲೆ ಟೈಪಾದ ಪ್ರಶ್ನೆಪತ್ರಿಕೆ, ಸ್ಮರಣಸಂಚಿಕೆ, ಯಕ್ಷಗಾನ ಪ್ರಸಂಗಗಳನ್ನು ಶಾಲೆಯ ಉಬುಂಟು ಗಣಕದಲ್ಲಿ ಆ ಫಾಂಟಿಲ್ಲದೆ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯಂತ್ರಕ್ಕೂ ಅದು ಕನ್ನಡವಲ್ಲ. ಇನ್ನುಳಿದದ್ದು ವಾಟ್ಸಾಪಿನಲ್ಲಿ ಫೋಟೋ ಆಗಿ ಹರಿದು ಹೋಗುತ್ತಿದೆ. (ತುಳು-ತಿಗಳಾರಿ ಲಿಪಿಗೆ 2024ರಲ್ಲಿ ಯೂನಿಕೋಡ್ ಸ್ಥಾನ ಸಿಕ್ಕಿತು. ಅಲ್ಲಿಯೂ ಇದೇ ಕಥೆಯಾಗದಿರಲಿ.)

ಹೀಗಿರುವಾಗ ಯಂತ್ರ ಕಲಿತಿರುವುದು ಹೆಚ್ಚಾಗಿ ಅಂತರ್ಜಾಲದಲ್ಲಿ ಸಿಕ್ಕ ಬರಹದ ಕನ್ನಡ. ಕುಂಬಳೆ ಸೀಮೆಯ ಮಾತು, ಅಡಿಕೆ ತೋಟದ ಪದ, ಹವ್ಯಕರ ಮನೆಮಾತು ಅದಕ್ಕೆ ಎಲ್ಲಿಂದ ಬರಬೇಕು? ನಮ್ಮ ಮಗು ಊರಿನ ಪದ ಬಳಸಿ ಕೇಳಿದಾಗ ಯಂತ್ರ ಅದನ್ನು 'ತಿದ್ದಿ' ಕೊಟ್ಟರೆ, ತನ್ನ ಮನೆಮಾತೇ ತಪ್ಪು ಎಂದು ಮಗು ತಿಳಿಯುತ್ತದೆ. ಮಲಯಾಳದ ನಡುವೆ ಕನ್ನಡ ಉಳಿಸಿಕೊಂಡ ಮಕ್ಕಳಿಗೆ ಕನ್ನಡದೊಳಗಿನಿಂದಲೇ ಈ ಏಟು ಬೇಡ.

ನಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಭಾರತದ ಹಕ್ಕುಸ್ವಾಮ್ಯ ಕಾನೂನಿನ 60 ವರ್ಷ ಕಳೆದು, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಅವನ್ನು ಟೈಪಿಸಿ ಕನ್ನಡ ವಿಕಿಸೋರ್ಸಿಗೆ ಸೇರಿಸಲು ಯಾರ ಅಪ್ಪಣೆಯೂ ಬೇಡ. ಹೈಸ್ಕೂಲುಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಕ್ಲಬ್ಬುಗಳಿವೆ. ಕನ್ನಡ ವಿಭಾಗದ ಮಕ್ಕಳು ವಾರಕ್ಕೆ ಎರಡು ಪುಟ ಟೈಪಿಸಲಿ, ಕನ್ನಡ ಅಧ್ಯಾಪಕರು ಕರಡು ತಿದ್ದಲಿ. ಪೈಗಳದ್ದು ಮುಗಿದ ಮೇಲೆ ಅಜ್ಜಿಯರ ಬಾಯಲ್ಲಿರುವ ಪದಗಳ ಪಟ್ಟಿಗೆ ಕೈಹಾಕಬಹುದು. ಟೈಪಿಂಗ್ ಹೊಸದಾಗಿ ಕಲಿಯಬೇಕೆಂದೂ ಇಲ್ಲ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಮಲಯಾಳದ 'ಕ' ಇರುವ ಕೀಲಿಯಲ್ಲೇ ಕನ್ನಡದ 'ಕ' ಕೂಡ ಇದೆ.