ಅಣೆಕಟ್ಟಿನ ಅಡಿಯ ಹೂದೋಟ

ತೋಟಗಳನ್ನು ನೋಡುವುದಕ್ಕೆಂದೇ ಮನೆ ಬಿಟ್ಟು ಹೊರಡುವ ಜನ ಪರದೇಶಗಳಲ್ಲಿ ಇದ್ದಾರೆ. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಹಳೆಯ ಸಿರಿವಂತ ಮನೆತನಗಳು ಬೆಳೆಸಿದ ಉದ್ಯಾನಗಳು ಹಲವಿವೆ. ಅವುಗಳಲ್ಲಿ ಎಷ್ಟೋ ಇಂದು ಟಿಕೇಟು ಕೊಂಡವರಿಗೆಲ್ಲ ಬಾಗಿಲು ತೆರೆಯುತ್ತವೆ. ವಿಕ್ಲೊ ಸೀಮೆಯ ಪವರ್ಸ್‌ಕೋರ್ಟಿನವರು ೧೯೦೮ರಲ್ಲಿ ತಮ್ಮ ತೋಟದಲ್ಲಿ ಒಂದು ಜಪಾನೀ ಉದ್ಯಾನವನ್ನೇ ನಿರ್ಮಿಸಿಕೊಂಡರು. ಬ್ಯಾಂಟ್ರಿ ಕೊಲ್ಲಿಯ ಇಲ್ನಾಕುಲಿನ್ ಎಂಬ ನಡುಗಡ್ಡೆ ಒಂದು ಕಾಲಕ್ಕೆ ಬರಡು ಬಂಡೆಯಾಗಿತ್ತು. ಬ್ರೈಸ್ ಎಂಬ ಮನೆತನದವರು ಅದನ್ನು ಕೊಂಡು, ಮಣ್ಣನ್ನು ದೋಣಿಗಳಲ್ಲಿ ಸಾಗಿಸಿ ತಂದು, ಹೆರಾಲ್ಡ್ ಪೀಟೋ ಎಂಬ ವಾಸ್ತುಶಿಲ್ಪಿಯಿಂದ ಅಲ್ಲಿ ತೋಟ ಮಾಡಿಸಿದರು. ೧೯೫೩ರಲ್ಲಿ ಆ ಮನೆಯ ಒಡೆಯನು ತೀರಿಕೊಂಡಾಗ, ಅವನ ಮರಣಶಾಸನದಂತೆ ಅದು ಐರಿಷ್ ಜನತೆಯ ಸೊತ್ತಾಯಿತು. ಈ ಇಸವಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪ ಬರುವುದಿದೆ.

ನಮ್ಮಲ್ಲಿ ತೋಟ ನೋಡುವ ರೀತಿಯೇ ಬೇರೆ. ತೋಟವೆಂದರೆ ನಮಗೆ ತೆಂಗು, ಬಾಳೆ, ವೀಳ್ಯದೆಲೆ, ಅಂದರೆ ಬದುಕು. ಅದನ್ನು ನೋಡಲು ಬರುವವರು ಕೊಳ್ಳುವವರು, ಇಲ್ಲವೆ ಬೀಗರು. ಕಣ್ಣಿನ ತೃಪ್ತಿಗೆಂದು ಬೆಳೆಸಿದ್ದಕ್ಕೆ ನಾವು ‘ಉದ್ಯಾನ’ವೆಂಬ ದೊಡ್ಡ ಹೆಸರಿಟ್ಟು, ಅದನ್ನು ಅರಸರಿಗೋ ಸರಕಾರಕ್ಕೋ ಬಿಟ್ಟುಕೊಟ್ಟಿದ್ದೇವೆ. ಬೆಂಗಳೂರಿನ ಲಾಲ್‌ಬಾಗನ್ನು ಆರಂಭಿಸಿದವನು ಹೈದರಾಲಿ. ಕನ್ನಂಬಾಡಿಯ ಅಡಿಯಲ್ಲಿ ಬೃಂದಾವನವನ್ನು ಮಾಡಿಸಿದವರು ದಿವಾನ್ ಮಿರ್ಜಾ ಇಸ್ಮಾಯಿಲರು. ಅಣೆಕಟ್ಟು ಕಟ್ಟಿದಲ್ಲಿ ಹೂದೋಟವೊಂದು ಇರಬೇಕೆಂಬ ನಿರೀಕ್ಷೆಯನ್ನು ನಾಡಿನಲ್ಲಿ ಬೇರೂರಿಸಿದ್ದೇ ಆ ಬೃಂದಾವನ.

ಅಂತಹುದೇ ಒಂದು ತೋಟವನ್ನು ನೋಡಲೆಂದು ಕಳೆದ ಚಳಿಗಾಲದ ಒಂದು ಭಾನುವಾರ ನಾನು ಹೊಸಪೇಟೆಯಿಂದ ಟಿ.ಬಿ. ಡ್ಯಾಮಿಗೆ ಹೋದೆ. ಮೇಲೆ ಗುಡ್ಡದ ನೆತ್ತಿಯಲ್ಲಿ ವೈಕುಂಠವೆಂಬ ಅತಿಥಿಗೃಹ; ಎದುರಿಗೆ ಮೂವತ್ತಮೂರು ತೂಬುಗೇಟುಗಳ ದೀರ್ಘವಾದ ಕಲ್ಲುಗೋಡೆ; ಅದರ ಅಡಿಯಲ್ಲಿ ಹುಲ್ಲುಹಾಸು, ಹೂಪಾತಿ, ಸಂಗೀತಕ್ಕೆ ಕುಣಿಯುವ ಕಾರಂಜಿ. ನದಿಯ ಆಚೆಯ ದಡದಲ್ಲಿ, ಮುನಿರಾಬಾದಿನ ಕಡೆ, ಪಂಪಾವನವಿದೆ. ಬುತ್ತಿಯ ಗಂಟು ಬಿಚ್ಚಿಕೊಂಡು ಕುಳಿತ ಸಂಸಾರಗಳು, ಮಕ್ಕಳ ಕೂಗಾಟ, ಮಂಡಕ್ಕಿ ಮಿರ್ಚಿಯ ಘಮಲು. ಐರಿಷ್ ಉದ್ಯಾನದ ಮೌನ ಇಲ್ಲಿಲ್ಲ. ಇರಬೇಕೆಂದು ಬಯಸುವುದೂ ತರವಲ್ಲ. ವಾರವೆಲ್ಲ ದುಡಿದವರು ಒಂದು ಸಂಜೆ ನೀರನ್ನೂ ಹೂವನ್ನೂ ನೋಡಿ ಹೋಗುವ ಸ್ಥಳವಿದು.

ಈ ಸೀಮೆಗೆ ಹೂವಿನ ಹುಚ್ಚು ಹೊಸತೇನೂ ಅಲ್ಲ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ಇಲ್ಲಿನ ಜನಕ್ಕೆ ಗುಲಾಬಿಯು ಅನ್ನದಷ್ಟೇ ಅವಶ್ಯವೆಂಬುದನ್ನು ಕಂಡು ಬೆರಗಾದನು. ಕೋಟೆಯ ಹೊರಸುತ್ತುಗಳ ನಡುವೆ ಹೊಲ, ಮನೆ, ತೋಟಗಳೇ ಹಬ್ಬಿದ್ದವೆಂದೂ ಬರೆದನು. ಸುಮಾರು ೧೫೨೦ರಲ್ಲಿ ಬಂದ ಪೋರ್ತುಗೀಸ ಡೊಮಿಂಗೊ ಪಾಯೆಸನು ಬೆಟ್ಟವೊಂದನ್ನು ಹತ್ತಿ ನೋಡಿದಾಗ, ಪಟ್ಟಣದ ಮನೆಮನೆಗೂ ತೋಪುಗಳು, ಅವುಗಳ ನಡುವೆ ಹರಿಯುವ ಕಾಲುವೆಗಳು ಅವನ ಕಣ್ಣಿಗೆ ಬಿದ್ದವು. ಮಾವು, ಅಡಕೆ, ಹಲಸು, ನಿಂಬೆ, ಕಿತ್ತಳೆ ಎಂದು ಅವನು ಹೆಸರು ಹಿಡಿದು ಹೇಳುತ್ತಾನೆ. ನದಿಯ ಮೇಲುಗಡೆಯ ಹಡಗಲಿಯಿಂದ ರಾಜಧಾನಿಗೆ ದೋಣಿಗಳಲ್ಲಿ ಹೂವು ತೇಲಿಬರುತ್ತಿದ್ದವೆಂದೂ, ಅದಕ್ಕೇ ಆ ಊರು ಹೂವಿನ ಹಡಗಲಿಯಾಯಿತೆಂದೂ ಪ್ರತೀತಿ ಇದೆ. ಹಡಗಲಿಯ ಮಲ್ಲಿಗೆಗೆ ಇಂದಿಗೂ ದೊಡ್ಡ ಹೆಸರು.

ಹಂಪೆಯಲ್ಲಿ ಕಮಲಮಹಲಿನ ಸುತ್ತ ಪುರಾತತ್ವ ಇಲಾಖೆಯವರು ಬೆಳೆಸಿದ ಹುಲ್ಲುಹಾಸು ಅಚ್ಚುಕಟ್ಟಾಗಿದೆ. ಆದರೆ ಹಳೆಯ ವಿಜಯನಗರದ ತೋಟವನ್ನು ನೋಡಬೇಕೆನ್ನುವವರು ಅಲ್ಲಿ ನಿಲ್ಲದೆ, ತುರ್ತಾ ಕಾಲುವೆಯ ಬದುವಿನ ಮೇಲೆ ನಡೆಯಬೇಕು. ಅರಸರ ಕಾಲದ ಆ ಕಾಲುವೆ ಬಂಡೆಗಳ ನಡುವಿನ ಕಣಿವೆಯಲ್ಲಿ ಇಂದಿಗೂ ಹರಿದು ಬಾಳೆಗೂ ಭತ್ತಕ್ಕೂ ನೀರುಣಿಸುತ್ತಿದೆ. ಅರಮನೆ ಬಿದ್ದಿತು, ಸಿಂಹಾಸನ ಹೋಯಿತು. ಒಕ್ಕಲಿನವನ ಬಾಳೆತೋಟ ಉಳಿಯಿತು. ಅಲ್ಲಿಂದ ಕಂಪ್ಲಿಯ ಕಡೆಗೆ ಹೊರಟರೆ, ಭತ್ತದ ಗದ್ದೆಯ ಹಸುರು ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ಇದಕ್ಕೆ ಟಿಕೇಟಿಲ್ಲ, ಫಲಕವಿಲ್ಲ.

ಖಾಸಗಿ ಉದ್ಯಾನವನ್ನೇ ನೋಡಬೇಕೆಂದರೆ ಸಂಡೂರಿಗೆ ಹೋಗಬೇಕು. ಘೋರ್ಪಡೆ ಅರಸರ ಪುಟ್ಟ ಸಂಸ್ಥಾನವಾಗಿದ್ದ ಆ ಊರು ೧೯೪೯ರಲ್ಲಿ ಮದರಾಸು ಪ್ರಾಂತಕ್ಕೆ ಸೇರಿತು, ೧೯೫೩ರಲ್ಲಿ ಮೈಸೂರಿಗೆ ಬಂದಿತು. ಅರಸರ ಶಿವವಿಲಾಸ ಅರಮನೆ ಈಚಿನ ವರ್ಷಗಳಲ್ಲಿ ಅತಿಥಿಗಳ ವಸತಿಗೆ ತೆರೆದುಕೊಂಡಿದೆ. ಆದರೆ ಸಂಡೂರಿನ ಉದ್ಯಾನವೆಂದರೆ ಸುತ್ತಲಿನ ಗುಡ್ಡಗಳೇ ಸರಿ. ೧೯೩೪ರಲ್ಲಿ ಅಲ್ಲಿಗೆ ಬಂದಿದ್ದ ಗಾಂಧೀಜಿಯವರು, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಹೇಳಿದರೆಂಬ ಮಾತು ಅಲ್ಲಿ ಮನೆಮಾತಾಗಿದೆ. ಮಳೆಗೆ ಮಿಂದ ಆ ಹಸುರಿನ ಕೆಳಗೆ ಕಬ್ಬಿಣದ ಅದಿರಿದೆ. ಅಗೆತ ಮಿತಿಮೀರಿದ ವರ್ಷಗಳಲ್ಲಿ ಎಲೆಗಳ ಮೇಲೆ ಕೆಂಧೂಳು ಕುಳಿತುದನ್ನು ಆ ಸೀಮೆಯವರು ಮರೆತಿಲ್ಲ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಬೇಕಾಯಿತು.

ಮತ್ತೆ ಡ್ಯಾಮಿನ ಹೂದೋಟಕ್ಕೆ ಬರುತ್ತೇನೆ. ಕಾರಂಜಿಯ ಕಡೆ ಬೆನ್ನು ಹಾಕಿ, ಅಣೆಯ ಗೋಡೆಯನ್ನೇ ದಿಟ್ಟಿಸುತ್ತ ಒಬ್ಬ ವೃದ್ಧೆ ಕಲ್ಲುಬೆಂಚಿನ ಮೇಲೆ ಕುಳಿತಿದ್ದಳು. ಮೊಮ್ಮಗನು ಮಕ್ಕಳೊಡನೆ ಕಾರಂಜಿ ನೋಡಲು ಹೋಗಿದ್ದನಂತೆ. ಪಕ್ಕದಲ್ಲಿ ಕುಳಿತು, “ತೋಟ ಚೆನ್ನಾಗಿದೆಯಲ್ಲವೆ, ಅವ್ವಾ?” ಎಂದೆ.

“ಚೆಂದ ಐತಪ್ಪಾ, ಯಾಕಿಲ್ಲ?” ಎಂದಳು. ತುಸು ತಡೆದು, “ನಮ್ಮ ಹಿತ್ತಲ ಈ ಗ್ವಾಡಿ ಆಚಿಗೈತಿ, ನೀರಾಗ,” ಎಂದಳು.

ಅವಳ ಊರು ನಾರಾಯಣದೇವರ ಕೆರೆ. ಜಲಾಶಯದಲ್ಲಿ ಮುಳುಗಿದ ಸುಮಾರು ೯೦ ಊರುಗಳಲ್ಲಿ ಅದೂ ಒಂದು. ಮನೆ ಬಿಟ್ಟು ಹೊರಟಾಗ ಅವಳಿಗೆ ಎಂಟು ವರ್ಷ. ಗಾಡಿಗೆ ಧಾನ್ಯದ ಚೀಲ, ಬೀಸುಕಲ್ಲು, ಪಾತ್ರೆಗಳನ್ನು ಹೇರಿದ ಮೇಲೆ, ತಾಯಿ ಹಿತ್ತಲಿಗೆ ಹೋಗಿ ಮಲ್ಲಿಗೆಯ ಕಂಟಿಯೊಂದನ್ನು ಬೇರುಮಣ್ಣುಸಹಿತ ಅಗೆದು, ಗಡಿಗೆಯಲ್ಲಿಟ್ಟುಕೊಂಡು ಬಂದಳಂತೆ. ಮರಿಯಮ್ಮನಹಳ್ಳಿಯ ಹೊಸ ಮನೆಯಲ್ಲಿ ಅದೇ ಮಲ್ಲಿಗೆ ಇಂದಿಗೂ ಬಿಡುತ್ತಿದೆಯಂತೆ. “ಮಣ್ಣು ಸೈತ ನಮ್ಮೂರಿಂದು. ನೋಡಾಕ ಬರ್ರಿ ಒಂದ್ಸಲ,” ಎಂದು ಕರೆದಳು.

೧೯೪೫ರಲ್ಲಿ ಅಡಿಗಲ್ಲು ಬಿದ್ದ ಈ ಅಣೆಯಿಂದ ಕಾಲುವೆಗೆ ನೀರು ಹರಿದದ್ದು ೧೯೫೩ರಲ್ಲಿ. ಅದೇ ವರ್ಷ ಇಲ್ನಾಕುಲಿನ್ ಉದ್ಯಾನ ಐರಿಷ್ ಜನತೆಯ ಪಾಲಾಯಿತಷ್ಟೆ. ಅಲ್ಲಿ ಒಬ್ಬ ಶ್ರೀಮಂತನು ತನ್ನ ತೋಟವನ್ನು ಸಾರ್ವಜನಿಕರಿಗೆ ಕೊಟ್ಟನು. ಅವನ ಹೆಸರು ಉಳಿಯಿತು. ಇಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿದ ಜನ ತಮ್ಮ ಹಿತ್ತಲುಗಳನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಹೂದೋಟಕ್ಕೆ ಬರುವವರಲ್ಲಿ ಅವರನ್ನು ನೆನೆಯುವವರು ಎಷ್ಟು ಮಂದಿ? ಬಾಯಾರಿದ ಲಕ್ಷಾಂತರ ಎಕರೆಗಳಿಗೆ ನೀರು ಬಂದುದು ಸಾಮಾನ್ಯ ಸಂಗತಿಯಲ್ಲ. ಅಣೆ ಬೇಡವಾಗಿತ್ತೆಂದು ಆ ವೃದ್ಧೆಯೂ ಹೇಳಲಿಲ್ಲ. ಆದರೆ ನೀರಿಗೊಂದು ಬೆಲೆಯುಂಟು. ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಏರಿ ಎರಡು ಮೂರು ಸಲ ಒಡೆದಾಗ, ನರಬಲಿಯನ್ನೇ ಕೊಡಲಾಯಿತೆಂದು ಪಾಯೆಸನು ಬರೆದಿದ್ದಾನೆ. ಆ ನೀರಿನಿಂದ ತೋಟಗಳು ಎದ್ದುವೆಂದು ಅವನ ಅನಂತರ ಬಂದ ನುನೀಜನು ಹೇಳುತ್ತಾನೆ. ಎರಡು ಮಾತನ್ನೂ ಕೂಡಿಸಿ ಓದಬೇಕು.

ಬೆಲೆ ತೆತ್ತು ಪಡೆದುದನ್ನು ಕಾಯುವ ಹೊಣೆಯೂ ಉಂಟು. ೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಯ ಪಾಲಾಗುತ್ತಿರಲು ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದು ಕುಳಿತರು. ಗೇಟು ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿಗೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಸುಮಾರು ಒಂದು ವಾರದೊಳಗೆ ಅದನ್ನು ತಡೆದರು. ಎಪ್ಪತ್ತು ವರ್ಷದ ಸರಪಳಿಯ ಒಂದು ಕೊಂಡಿ ಸವೆದರೆ, ಕೆಳಗಿನ ಹೂವಷ್ಟೇ ಅಲ್ಲ, ಕಂಪ್ಲಿಯ ಗದ್ದೆಯ ಬೆಳೆಯೂ ತಲ್ಲಣಿಸುತ್ತದೆ.

ಮುಂದಿನ ವಾರವೇ ಮರಿಯಮ್ಮನಹಳ್ಳಿಗೆ ಹೋಗಿ ಬಂದೆ. ನಾಲ್ಕು ಮೊಳ ಹಿತ್ತಲು. ಒಂದು ನುಗ್ಗೆ, ಒಂದು ಕರಿಬೇವು, ಬಚ್ಚಲ ನೀರು ಹರಿಯುವಲ್ಲಿ ಆ ಮಲ್ಲಿಗೆ. ಹೂ ಬಿಡುವ ಕಾಲ ಅದಲ್ಲ, ಹಸುರೆಲೆಗಳಷ್ಟೇ ಇದ್ದವು. “ಬ್ಯಾಸಿಗ್ಯಾಗ ಬರಬೇಕಿತ್ತು ನೀವು,” ಎಂದು ವೃದ್ಧೆ ಪೇಚಾಡಿಕೊಂಡಳು. ಹೊರಡುವಾಗ ಒಂದು ಕಡ್ಡಿಯನ್ನು ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಗಿತ್ತಳು. ಅದು ನನ್ನ ಮನೆಯ ಕುಂಡದಲ್ಲಿ ಈಗ ಎರಡು ಎಲೆ ಒಡೆದಿದೆ.