ಎಲೆಯಲ್ಲೇ ಬಣ್ಣ ಇರುವಾಗ...

ಲಾಲ್‌ಬಾಗ್‌ನಲ್ಲಿ ಜನವರಿ ಮತ್ತು ಆಗಸ್ಟ್‌ ತಿಂಗಳ ಫಲಪುಷ್ಪ ಪ್ರದರ್ಶನ ನೋಡಿ ಬರುವವರನ್ನು ಗಮನಿಸಿದ್ದೀರಾ? ಹಲವರ ಕೈಯಲ್ಲಿ ಪೆಟೂನಿಯಾದ್ದೋ ಸೇವಂತಿಗೆಯದ್ದೋ ಒಂದು ಕುಂಡ ಇರುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಹೂ ಮುಗಿದು, ಗಿಡ ಸೊರಗಿ, ಕುಂಡ ಬಾಲ್ಕನಿಯ ಮೂಲೆ ಸೇರುತ್ತದೆ. ‘ನನ್ನ ಕೈಗುಣವೇ ಸರಿ ಇಲ್ಲ ಕಣ್ರೀ’ ಅನ್ನೋ ಗೊಣಗಾಟ ಬೇರೆ! ಕೈಗುಣಕ್ಕೇನೂ ಆಗಿಲ್ಲ. ಪೆಟೂನಿಯಾದಂಥ ಗಿಡದ ಆಯಸ್ಸೇ ಒಂದು ಹಂಗಾಮು.

ವರ್ಷವಿಡೀ ಬಣ್ಣ ಬೇಕೆಂದರೆ ಎಲೆಯನ್ನು ನಂಬಿ ಅಂತೀನಿ ನಾನು. ಇದಕ್ಕೆ ಅಂದಕ್ಕಿಂತ ದೊಡ್ಡ ಕಾರಣ ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದೆಂದು ಆದೇಶಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ದಿನಾ ನೀರು ಬೇಡುವ ಹೂಕುಂಡಗಳನ್ನು ಇಟ್ಟುಕೊಂಡವರ ಪಾಡು ಏನಾಗಿರಬೇಡ!

ಅದೇ ಸ್ನೇಕ್ ಪ್ಲಾಂಟ್ ನೋಡಿ. ಕತ್ತಿಯಂತೆ ನೆಟ್ಟಗೆ ನಿಲ್ಲುವ ಎಲೆ, ಅಂಚಿಗೆ ಹಳದಿ ಜರಿ. ಹತ್ತು-ಹದಿನೈದು ದಿನಕ್ಕೊಮ್ಮೆ ನೀರು ಕೊಟ್ಟರೂ ಬದುಕುತ್ತದೆ. ಪ್ರೀತಿ ಹೆಚ್ಚಾಗಿ ದಿನಾ ಸುರಿದರೇ ಬುಡ ಕೊಳೆಯುವುದು. ಗೆಳತಿಗೆ ಕೊಡುವಾಗ ಎಲೆ ಕತ್ತರಿಸಿ ಕೊಡಬೇಡಿ. ಎಲೆಯಿಂದ ಹುಟ್ಟುವ ಮರಿಗೆ ಆ ಹಳದಿ ಅಂಚು ಬರುವುದಿಲ್ಲ. ಬುಡದಲ್ಲಿ ಬಂದ ಮರಿಯನ್ನೇ ಬೇರುಸಹಿತ ಬಿಡಿಸಿ ಕೊಡಿ.

ಕೆಂಪು, ಕಿತ್ತಳೆ, ಹಳದಿ ಎಲ್ಲ ಒಂದೇ ಗಿಡದಲ್ಲಿ ಬೇಕಾ? ಕ್ರೋಟನ್ ಇದೆಯಲ್ಲ! ಅಜ್ಜಿ ಮನೆಯ ಕಾಂಪೌಂಡಿನ ಗಿಡ ಅಂತ ಮೂಗು ಮುರಿಯಬೇಡಿ. ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿಡಿ. ನೆರಳಲ್ಲಿಟ್ಟರೆ ಹೊಸ ಎಲೆಗಳು ಹಸಿರಾಗುತ್ತವೆ. ಜಾಗ ಬದಲಿಸಿದಾಗ ಒಂದಷ್ಟು ಎಲೆ ಉದುರಿಸಿ ಮುನಿಸಿಕೊಳ್ಳುತ್ತದೆ, ಗಾಬರಿ ಬೇಡ. ಕಡು ಗುಲಾಬಿ ಎಲೆಯ ಕಾರ್ಡಿಲೈನ್ ಕೂಡ ಚೆನ್ನ. ಇನ್ನು ಹಳದಿ-ಹಸಿರು ಪಟ್ಟೆಯ ಸಾಂಗ್ ಆಫ್ ಇಂಡಿಯಾ. ಹೆಸರು ಹೀಗಿದ್ದರೂ ಅದರ ತವರು ಮಡಗಾಸ್ಕರ್ ಕಡೆ! ಅದಕ್ಕೆ ಮಧ್ಯಾಹ್ನದ ಸುಡುಬಿಸಿಲು ಆಗದು.

ನರ್ಸರಿಗೆ ಹೋದಾಗ ಹತ್ತು ಪುಟ್ಟ ಗಿಡ ತಂದು ಸಾಲಾಗಿ ಜೋಡಿಸುವ ಬದಲು, ಅದೇ ದುಡ್ಡಿಗೆ ಆಳೆತ್ತರದ ಒಂದು, ಮೊಣಕಾಲೆತ್ತರದ ಎರಡು ತನ್ನಿ. ಬಾಲ್ಕನಿಗೆ ಅಷ್ಟು ಸಾಕು. ಕೆಂಪು ಮಣ್ಣು, ಮರಳು, ಗೊಬ್ಬರ ಸಮಸಮ ಹಾಕಿ. ಅಕ್ಕಿ, ತರಕಾರಿ ತೊಳೆದ ನೀರೇ ಇವಕ್ಕೆ ಧಾರಾಳ. ರಸ್ತೆ ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿ. ಕುಂಡದ ಕೆಳಗಿನ ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಬಾರದು, ಡೆಂಗಿ ಸೊಳ್ಳೆಗೆ ಅದು ಹೆರಿಗೆ ಮನೆ!

ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಡೈಫೆನ್‌ಬೇಕಿಯಾ ತರಲೇಬೇಡಿ. ನರ್ಸರಿಯವರು ಎಷ್ಟೇ ಹೊಗಳಲಿ. ಅದರ ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಕ್ರೋಟನ್‌ ಸವರುವಾಗ ಬರುವ ಹಾಲು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕೈ ತೊಳೆಯಿರಿ. ಹಳ್ಳಿಯ ಬೇಲಿಯಲ್ಲಿದ್ದ ಕತ್ತಾಳೆಯ ಜಾತಿಯವು ಈಗ ಪಿಂಗಾಣಿ ಕುಂಡ ಏರಿವೆ. ಮಕ್ಕಳ ಕಣ್ಣಿನ ಎತ್ತರಕ್ಕೆ ಬರುವುದಾದರೆ ಎಲೆತುದಿಯ ಮುಳ್ಳನ್ನು ಕತ್ತರಿಸಿಬಿಡಿ.

‘ಹಾಗಾದ್ರೆ ಪೂಜೆಗೆ ಹೂವೆಲ್ಲಿ?’ ಅಂತ ಅತ್ತೆಯವರು ಕೇಳಿದರೆ, ಬಿಸಿಲು ಬೀಳೋ ಕಡೆ ಒಂದು ದಾಸವಾಳ ಇಡಿ. ಅದೂ ಎಲೆ ಉದುರಿಸಿ ಬೋಳಾಗುವ ಗಿಡವಲ್ಲ.