ಗೋಲಿನಲ್ಲಿ ನಿಂತವನಿಂದಲೇ ಪಾಠ ಶುರುವಾಗಲಿ

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಶಾಲಾ ಮೈದಾನಗಳಲ್ಲಿ ಆಟ ಎಂದರೆ ಕಬಡ್ಡಿ, ಕೊಕ್ಕೊ, ವಾಲಿಬಾಲ್. ರಜೆ ಬಂದರೆ ಕ್ರಿಕೆಟ್. ಫುಟ್‌ಬಾಲ್ ನಮ್ಮಲ್ಲಿ ಹೆಚ್ಚಿನವರಿಗೆ ಟಿವಿಯಲ್ಲಿ ನೋಡಿದ ಆಟ. ಆದರೆ ಬಿ.ಪಿ.ಇಡಿ. ಮುಗಿಸಿ ಕೆಲಸ ಹುಡುಕುವವರಿಗೆ ಸಂದರ್ಶನದಲ್ಲಿ ‘ಫುಟ್‌ಬಾಲ್ ತಂಡ ಕಟ್ಟಬಲ್ಲಿರಾ?’ ಎಂಬ ಪ್ರಶ್ನೆ ಎದುರಾಗಬಹುದು. ಆಡಿ ಬೆಳೆಯದ ಆಟವನ್ನು ಕಲಿಸಲು ಹೊರಟವರು ಹನ್ನೊಂದು ಸ್ಥಾನಗಳಲ್ಲಿ ಯಾವುದನ್ನು ಮೊದಲು ಕಲಿಯಬೇಕು?

ಸಾಮಾನ್ಯವಾಗಿ ನಡೆಯುವುದು ಹೀಗೆ: ಜೋರಾಗಿ ಓಡುವವನು ಫಾರ್ವರ್ಡ್, ಚುರುಕಾಗಿರುವವನು ಮಿಡ್‌ಫೀಲ್ಡರ್, ಯಾವುದಕ್ಕೂ ಬೇಡವಾಗಿ ಉಳಿದವನು ಗೋಲ್ ಕೀಪರ್. ಹೈಸ್ಕೂಲಿನಲ್ಲಿ ಹಾಗೆ ಉಳಿದವನು ನಾನೇ. ಹೇಗೆ ನಿಲ್ಲಬೇಕು, ಹೇಗೆ ಬೀಳಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಸೋತ ದಿನ ಮಾತ್ರ ಎಲ್ಲರ ಬೆರಳೂ ನನ್ನ ಕಡೆ ತಿರುಗಿತು.

ಅದಕ್ಕೇ ನನ್ನ ವಾದ: ಹೊಸ ತರಬೇತುದಾರ ಹಿಂದಿನಿಂದ ಮುಂದಕ್ಕೆ ಕಲಿಯಬೇಕು. ಮೊದಲು ಗೋಲ್ ಕೀಪರ್, ಆಮೇಲೆ ನಡುವಿನ ಇಬ್ಬರು ಡಿಫೆಂಡರ್‌ಗಳು, ಅವರ ಮುಂದೆ ನಿಲ್ಲುವ ಮಿಡ್‌ಫೀಲ್ಡರ್. ಫಾರ್ವರ್ಡ್ ಕೊನೆಗೆ.

ಗೋಲ್ ಕೀಪರ್ ಕೆಲಸವೇ ಬೇರೆ. 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲನ್ನು ಕಾಯುವವನು ಅವನೊಬ್ಬನೇ. ನಿಯಮಗಳೂ ಬೇರೆ. ತನ್ನ ತಂಡದವರು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಿಂದ ಮುಟ್ಟುವಂತಿಲ್ಲ. ಚೆಂಡನ್ನು ಎಂಟು ಸೆಕೆಂಡ್‌ಗಿಂತ ಹೆಚ್ಚು ಕೈಯಲ್ಲಿ ಹಿಡಿದುಕೊಂಡರೆ, 2025ರ ಜುಲೈನಿಂದ ಜಾರಿಗೆ ಬಂದ ನಿಯಮದಂತೆ, ಎದುರಾಳಿಗೆ ಕಾರ್ನರ್ ಕಿಕ್. ಉಳಿದ ಹತ್ತು ಮಂದಿ ಪಾಸ್ ಮಾಡುವುದು, ಚೆಂಡು ತಡೆಯುವುದನ್ನು ಒಬ್ಬರನ್ನು ನೋಡಿ ಒಬ್ಬರು ಕಲಿಯುತ್ತಾರೆ. ಕೀಪರ್‌ಗೆ ನೋಡಿ ಕಲಿಯಲು ತಂಡದಲ್ಲಿ ಇನ್ನೊಬ್ಬನಿಲ್ಲ. ತರಬೇತುದಾರನಿಗೇ ಗೊತ್ತಿಲ್ಲದಿದ್ದರೆ ಅವನ ಕಲಿಕೆ ಅಲ್ಲಿಗೇ ನಿಂತಿತು.

ನಮ್ಮ ನೆಲವೂ ಇದನ್ನೇ ಹೇಳುತ್ತದೆ. ಮಳೆ ಕಡಿಮೆ, ಹುಲ್ಲಿಲ್ಲದ ಮೈದಾನ ಕಲ್ಲಿನಂತೆ ಗಟ್ಟಿ. ಅಲ್ಲಿ ‘ಹಾರು’ ಎಂದರೆ ಮೊಣಕೈ, ಸೊಂಟ ಕೆತ್ತಿಹೋಗುತ್ತದೆ. ಉದ್ದ ಜಿಗಿತದ ಮರಳಿನ ಗುಂಡಿ ಇರುವ ಶಾಲೆಯಲ್ಲಿ ಅದರಲ್ಲೇ, ಮೊದಲು ಮಂಡಿಯೂರಿ, ಪಕ್ಕಕ್ಕೆ ಬೀಳುವುದನ್ನು ಕಲಿಸಬಹುದು. ಗಟ್ಟಿ ನೆಲದಲ್ಲಿ ಚೆಂಡು ಎತ್ತರಕ್ಕೆ ಪುಟಿದು ಡಿಫೆಂಡರ್‌ಗಳ ತಲೆ ದಾಟುತ್ತದೆ. ಆದ್ದರಿಂದ ಒಬ್ಬ ಮುಂದೆ ಹೋಗಿ ಚೆಂಡು ಪುಟಿಯುವ ಮೊದಲೇ ತಡೆಯಬೇಕು, ಇನ್ನೊಬ್ಬ ಹಿಂದೆ ಕಾವಲಿರಬೇಕು. ಕಬಡ್ಡಿ ಆಡಿದ ನಮ್ಮ ಮಕ್ಕಳಿಗೆ ಇದು ಹೊಸದಲ್ಲ. ಕಾರ್ನರ್ ಕಾಲು ಹಿಡಿದಾಗ ಕವರ್ ಬಂದು ಮುಗಿಬೀಳುವುದೂ ಇದೇ ಲೆಕ್ಕ. ಅವರ ಮುಂದಿನ ಮಿಡ್‌ಫೀಲ್ಡರ್‌ಗೆ ಮೊದಲ ಪಾಠ, ಚೆಂಡು ಬರುವ ಮುನ್ನವೇ ಹೆಗಲ ಮೇಲಿಂದ ಹಿಂದೆ ನೋಡಿಕೊಳ್ಳುವುದು.

ಗೋಲು ಹೊಡೆಯದೆ ಗೆಲ್ಲುವುದು ಹೇಗೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಮೂರು ಗೋಲು ಬೇಕೇ ಇತ್ತು. ಆದರೆ ಮೂರನೆಯದನ್ನು ಬಿಟ್ಟುಕೊಟ್ಟಿದ್ದರೆ ಆ ಮೂರರಿಂದ ಗೆಲುವು ಬರುತ್ತಿರಲಿಲ್ಲ. ಇನ್ನೊಂದು ಮಾತು: ಒಂದು ಚೆಂಡು, ಒಂದು ಗೋಡೆ ಸಿಕ್ಕರೆ ಫಾರ್ವರ್ಡ್ ಒಬ್ಬನೇ ಸಂಜೆಯೆಲ್ಲ ಒದ್ದು ಅಭ್ಯಾಸ ಮಾಡಬಲ್ಲ. ಮುಂದೆ ಹೋಗಬೇಕೋ ಹಿಂದೆ ನಿಲ್ಲಬೇಕೋ ಎಂಬುದನ್ನು ಡಿಫೆಂಡರ್ ಗೋಡೆಯಿಂದ ಕಲಿಯಲಾರ. ಕಲಿಸುವವರು ಹೆಚ್ಚು ಬೇಕಾಗಿರುವುದು ಅಲ್ಲಿಯೇ.

ಮೊಳಕಾಲ್ಮುರು ಸೀರೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಅಂಚು, ಸೆರಗು. ಆದರೆ ಮಗ್ಗಕ್ಕೆ ಹಾಸು ಏರಿಸದೆ ಯಾವ ನೇಕಾರರೂ ಸೆರಗು ನೇಯುವುದಿಲ್ಲ.

ಒಂದು ಎಚ್ಚರಿಕೆಯೂ ಬೇಕು. ಸ್ಥಾನಗಳನ್ನು ಮೊದಲು ಕಲಿಯಬೇಕಾದವರು ತರಬೇತುದಾರರು. ಮಕ್ಕಳನ್ನು ಒಂದೊಂದು ಸ್ಥಾನಕ್ಕೆ ಕಟ್ಟಿಹಾಕಬಾರದು. ಹುಡುಗರಿರಲಿ, ಹುಡುಗಿಯರಿರಲಿ, ಎಲ್ಲರೂ ಸರದಿಯಂತೆ ಗೋಲಿನಲ್ಲಿ ನಿಲ್ಲಲಿ. ಆಗ ಅದು ಶಿಕ್ಷೆಯ ಜಾಗವಾಗಿ ಉಳಿಯುವುದಿಲ್ಲ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ತರಬೇತಿ ಪರವಾನಗಿಗಳು ಡಿ ಹಂತದಿಂದ ಸಿ, ಬಿ, ಎ ಎಂದು ಮೇಲೇರುತ್ತವೆ. ಕೆಲಸ ಬಯಸುವವರು ಆ ದಾರಿಯನ್ನು ಖಂಡಿತ ಹಿಡಿಯಲಿ. ಅದಕ್ಕೂ ಮುನ್ನ ಒಂದು ವಾರ ಸಂಜೆ ತಾವೇ ಗೋಲಿನಲ್ಲಿ ನಿಂತು, ಮಕ್ಕಳಿಂದ ಚೆಂಡು ಒದೆಸಿಕೊಳ್ಳಲಿ. ಅದಕ್ಕೆ ಶುಲ್ಕವಿಲ್ಲ. ಏನೂ ಕಲಿಸದೆ ನಿಲ್ಲಿಸಿದ ಮಗುವನ್ನು ಸೋತ ದಿನ ಬೈಯುವ ಹಕ್ಕು ಯಾರಿಗೂ ಇಲ್ಲ ಎಂಬುದು ಅಲ್ಲಿ ನಿಂತವರಿಗೆ ಬೇಗ ಅರ್ಥವಾಗುತ್ತದೆ.